ಬೊಡ್ಡೆಯಲ್ಲೇ ಹೂ ಬಿಡುವ ಮರಗಳು: ‘ಕಾಲಿಫ್ಲೋರಸ್’ ಎಂಬ ಪದದ ಸುತ್ತ

(ಮಂಗಳೂರಿನ ಕಾಲೇಜೊಂದರಲ್ಲಿ ಗಿಡಮರಗಳ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಂದೇ ಒಂದು ಪದದ ಬಗ್ಗೆ. ಕಾಲಿಫ್ಲೋರಸ್. ಸಸ್ಯಶಾಸ್ತ್ರದ ಒಂದು ಗುಣವಾಚಕ. ಪಠ್ಯಪುಸ್ತಕದಲ್ಲಿ ಒಂದು ಸಾಲಲ್ಲಿ ಬಂದು ಹೋಗುತ್ತದೆ. ಪರೀಕ್ಷೆಗೆ ಬರೆದ ಮೇಲೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಆ ಪದ ಹೇಳುವ ಸಂಗತಿಯನ್ನು ನೋಡಲು ನಮ್ಮ ಜಿಲ್ಲೆಯವರು ಎಲ್ಲಿಗೂ ಹೋಗಬೇಕಾಗಿಲ್ಲ. ಹಿತ್ತಲ ಬಾಗಿಲು ತೆಗೆದರೆ ಸಾಕು. ಹಲಸಿದೆ, ಬಿಂಬುಳಿ ಇದೆ, ಅಡಿಕೆ ತೋಟದ ನೆರಳಲ್ಲಿ ಕೊಕ್ಕೋ ಇದೆ. ತೋಡಿನ ಬದಿಯಲ್ಲಿ ಅತ್ತಿ, ದೇವಸ್ಥಾನದ ಅಂಗಳದಲ್ಲಿ ನಾಗಲಿಂಗ. ಇವೆಲ್ಲ ಕಾಲಿಫ್ಲೋರಸ್ ಮರಗಳು. ಹೊಸ ಚಿಗುರಿನ ತುದಿಗೆ ಕಾಯದೆ, ಹಳೆಯ ಬೊಡ್ಡೆಯಲ್ಲೋ ದಪ್ಪ ಕೊಂಬೆಯಲ್ಲೋ ತೊಗಟೆಯನ್ನು ಸೀಳಿಕೊಂಡು ಹೂ ಬಿಡುವ ಮರಗಳು.

ಮೊದಲು ಪದವನ್ನೇ ಬಿಡಿಸೋಣ.

ಲ್ಯಾಟಿನ್ ಭಾಷೆಯಲ್ಲಿ ‘ಕೌಲಿಸ್’ ಅಂದರೆ ದಂಟು, ಕಾಂಡ. ಗ್ರೀಕಿನಲ್ಲೂ ಇದರ ಜೊತೆಗಾರ ಇದ್ದಾನೆ, ‘ಕೌಲೋಸ್’. ಇನ್ನು ‘ಫ್ಲೋಸ್’ ಅಂದರೆ ಹೂವು. ಆದರೆ ವಿಭಕ್ತಿ ಸೇರುವಾಗ ಫ್ಲೋಸ್ ಹಾಗೇ ಉಳಿಯುವುದಿಲ್ಲ. ಕೊನೆಯ ಸಕಾರ ರಕಾರವಾಗುತ್ತದೆ. ‘ಹೂವಿನ’ ಅನ್ನಬೇಕಾದರೆ ‘ಫ್ಲೋರಿಸ್’. ಫ್ಲೋರಾ ಎನ್ನುವ ಪದದಲ್ಲಿ ರಕಾರ ಬಂದದ್ದು ಹೀಗೆ. ಕೌಲಿಸ್ ಮತ್ತು ಫ್ಲೋರ್ ಎರಡನ್ನೂ ಸೇರಿಸುವಾಗ ನಡುವೆ ‘ಇ’ ಬರುತ್ತದೆ. ಲ್ಯಾಟಿನ್ ಪದಗಳ ಸಮಾಸಕ್ಕೆ ಸಾಮಾನ್ಯವಾಗಿ ‘ಇ’, ಗ್ರೀಕ್ ಪದಗಳ ಸಮಾಸಕ್ಕೆ ‘ಒ’. ಕೊನೆಗೆ ಲಿಂಗದ ಪ್ರತ್ಯಯ. ಪುಲ್ಲಿಂಗಕ್ಕೆ ಕೌಲಿಫ್ಲೋರುಸ್, ಸ್ತ್ರೀಲಿಂಗಕ್ಕೆ ಕೌಲಿಫ್ಲೋರಾ, ನಪುಂಸಕಕ್ಕೆ ಕೌಲಿಫ್ಲೋರುಮ್. ಇಂಗ್ಲಿಷಿನವರ ಬಾಯಲ್ಲಿ ಅದು ಕಾಲಿಫ್ಲೋರಸ್ ಆಯಿತು.

ಇಷ್ಟು ಹೇಳುವಾಗಲೇ ನಿಮ್ಮಲ್ಲಿ ಕೆಲವರಿಗೆ ಕಾಲಿಫ್ಲವರ್ ನೆನಪಾಗಿರಬೇಕು. ಸರಿಯಾಗಿಯೇ ನೆನಪಾಗಿದೆ. ಎರಡೂ ಪದಗಳ ಬೇರು ಒಂದೇ, ಆದರೆ ಅರ್ಥ ಬೇರೆ. ರೋಮಿನ ಜನ ಕೋಸಿನ ದಂಟಿಗೂ ಕೌಲಿಸ್ ಅಂತಲೇ ಕರೆಯುತ್ತಿದ್ದರು. ಬರಬರುತ್ತಾ ಅದು ಕೋಸಿನ ಜಾತಿಗೇ ಹೆಸರಾಯಿತು. ಇಟಾಲಿಯನ್ನಿನಲ್ಲಿ ‘ಕಾವೊಲೊ’, ಪೋರ್ಚುಗೀಸಿನಲ್ಲಿ ‘ಕೋವ್’, ಜರ್ಮನ್ನಿನಲ್ಲಿ ‘ಕೋಲ್’, ಇಂಗ್ಲಿಷಿನಲ್ಲಿ ‘ಕೇಲ್’. ಎಲ್ಲವೂ ಆ ಒಂದು ದಂಟಿನಿಂದ ಬಂದವು. ನವಿಲುಕೋಸಿಗೆ ಜರ್ಮನ್ನರು ಹೇಳುವ ‘ಕೋಲ್‌ರಾಬಿ’ಯಲ್ಲೂ ಅದೇ ಇದೆ. ಇಟಲಿಯವರು ಹೂಕೋಸನ್ನು ‘ಕೋಸಿನ ಹೂವು’ ಅಂತ ಕರೆದರು. ಇಂಗ್ಲಿಷಿಗೆ ಅದು ಮೊದಲು ‘ಕೋಲ್‌ಫ್ಲೋರಿ’ ಅನ್ನುವಂತಹ ರೂಪದಲ್ಲಿ ಬಂತು. ಆಮೇಲೆ ಲ್ಯಾಟಿನ್ ಬಲ್ಲವರು ಅದರ ಮೊದಲರ್ಧವನ್ನು ತಿದ್ದಿ ‘ಕಾಲಿ’ ಮಾಡಿದರು. ಹಾಗಾಗಿ ಗೋಬಿ ಮಂಚೂರಿಯ ಕಾಲಿಫ್ಲವರಿನಲ್ಲಿ ‘ಕಾಲಿ’ ಅಂದರೆ ಕೋಸು. ನಮ್ಮ ಹಲಸಿನ ಕಾಲಿಫ್ಲೋರಸ್‌ನಲ್ಲಿ ‘ಕಾಲಿ’ ಅಂದರೆ ಬೊಡ್ಡೆ.

ಈ ಕೌಲಿಸ್‌ನ ಸಂಸಾರ ದೊಡ್ಡದು. ‘ಅಕೌಲಿಸ್’ ಅಂದರೆ ಕಾಂಡವೇ ಇಲ್ಲದ್ದು, ನೆಲಕ್ಕೆ ಅಂಟಿಕೊಂಡೇ ಬೆಳೆಯುವ ಗಿಡ. ‘ನುಡಿಕೌಲಿಸ್’ ಅಂದರೆ ಎಲೆಯಿಲ್ಲದ ಬೋಳು ದಂಟಿನದ್ದು. ನನಗೆ ಎಲ್ಲಕ್ಕಿಂತ ಇಷ್ಟ ‘ಆಂಪ್ಲೆಕ್ಸಿಕೌಲಿಸ್’, ಕಾಂಡವನ್ನು ಅಪ್ಪಿಕೊಂಡದ್ದು. ಇದನ್ನು ನೋಡಲೂ ಹಲಸಿನ ಹತ್ತಿರವೇ ಹೋಗಬೇಕು. ಮನೆಗೆ ಹೋದ ಮೇಲೆ ಹಲಸಿನ ಒಂದು ಎಳೆಯ ಕೊನೆ, ಅಂದರೆ ಸಣ್ಣ ರೆಂಬೆ, ಹಿಡಿದು ನೋಡಿ. ಚಿಗುರನ್ನು ಒಂದು ತೆಳು ಪೊರೆ ಸುತ್ತಿಕೊಂಡಿರುತ್ತದೆ. ಎಲೆ ಬಿಚ್ಚುವಾಗ ಆ ಪೊರೆ ಬಿದ್ದುಹೋಗುತ್ತದೆ. ಬಿದ್ದ ಜಾಗದಲ್ಲಿ ಕೊನೆಯ ಸುತ್ತ ಒಂದು ಉಂಗುರ ಉಳಿಯುತ್ತದೆ. ಕೊನೆಯುದ್ದಕ್ಕೂ ಹೀಗೆ ಉಂಗುರಗಳು. ಕಡುಬಿಗೆ ಕೊಟ್ಟೆ ಕಟ್ಟಲು ಹಲಸಿನ ಎಲೆ ಕೊಯ್ದವರೆಲ್ಲ ಇದನ್ನು ಮುಟ್ಟಿರುತ್ತಾರೆ. ನೋಡಿರುವವರು ಕಡಿಮೆ.

ಈಗ ಮರಕ್ಕೆ ಬರೋಣ. ಹಳೆಯ ಬೊಡ್ಡೆಯಲ್ಲಿ ಹೂ ಬರುವುದಾದರೂ ಹೇಗೆ?

ಗಿಡ ಎಳೆಯದಿದ್ದಾಗ ಅದರ ಕಾಂಡದಲ್ಲಿ ಎಲೆಗಳಿರುತ್ತವೆ. ಪ್ರತಿ ಎಲೆಯ ಕಂಕುಳಲ್ಲೂ ಒಂದು ಮೊಗ್ಗು ಇರುತ್ತದೆ. ಎಲೆ ಉದುರುತ್ತದೆ, ಕಾಂಡ ದಪ್ಪವಾಗುತ್ತದೆ, ತೊಗಟೆ ಗಡುಸಾಗುತ್ತದೆ. ಸಾಮಾನ್ಯ ಮರದಲ್ಲಿ ಆ ಮೊಗ್ಗಿನ ಕತೆ ಹೆಚ್ಚಾಗಿ ಅಲ್ಲಿಗೆ ಮುಗಿಯಿತು. ಕಾಲಿಫ್ಲೋರಸ್ ಮರದಲ್ಲಿ ಹಾಗಲ್ಲ. ಕಾಂಡ ದಪ್ಪವಾದಂತೆಲ್ಲ ಮೊಗ್ಗಿನ ಎಳೆಯೂ ಜೊತೆಗೇ ಹೊರಕ್ಕೆ ಬೆಳೆಯುತ್ತಾ ತೊಗಟೆಯ ಮಗ್ಗುಲಲ್ಲೇ ಉಳಿಯುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ. ವರ್ಷಗಟ್ಟಲೆ ಸುಮ್ನೆ ಇದ್ದು, ಕಾಲ ಬಂದಾಗ ತೊಗಟೆ ಸೀಳಿ ಹೂ ಬಿಡುತ್ತದೆ. ಎಲ್ಲ ಮರಗಳಲ್ಲೂ ಹೀಗೇ ಅಂತಲ್ಲ. ಕೆಲವು ಕಡೆ ಹೊಸದಾಗಿಯೇ ಮೊಗ್ಗು ಹುಟ್ಟುವುದೂ ಉಂಟು.

ಇದನ್ನು ಹತ್ತಿರದಿಂದ ನೋಡಲು ಕೊಕ್ಕೋ ಗಿಡದಷ್ಟು ಒಳ್ಳೆಯದು ಇನ್ನೊಂದಿಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಅಡಿಕೆ ತೋಟಗಳಲ್ಲಿ ಇದು ಉಪಬೆಳೆ. ಮಂಗಳೂರಿನಲ್ಲಿ 1973ರಲ್ಲಿ ಶುರುವಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಮಾಡಿತು ಅನ್ನುವುದು ನಿಮಗೆ ಗೊತ್ತಿದೆ. ಆ ಚಾಕಲೇಟು ಹುಟ್ಟುವುದು ಬೊಡ್ಡೆಯ ಹೂವಿನಿಂದ. ಹೂವು ತುಂಬ ಸಣ್ಣದು. ಪೂರ್ತಿ ಅರಳಿದರೂ ಉಗುರಿನಷ್ಟಗಲ. ನೂಲಿನಂತಹ ತೊಟ್ಟು. ಐದು ಬೆಳ್ಳಗಿನ ಪುಷ್ಪಪತ್ರ, ಅಂದರೆ ಎಸಳುಗಳ ಹೊರಗಿನ ಸುತ್ತು. ಎಸಳುಗಳ ಬುಡ ಒಂದು ಚಿಕ್ಕ ಚೀಲದ ಆಕಾರಕ್ಕೆ ಬಾಗಿದೆ. ಕೇಸರಗಳ ತುದಿ ಆ ಚೀಲಗಳೊಳಗೆ ಅಡಗಿವೆ. ಒಳಗಡೆ ನೇರಳೆ ಬಣ್ಣದ ಗೆರೆಗಳು. ಈ ಚೀಲದೊಳಗೆ ಜೇನುನೊಣ ಹೋಗಲಾರದು. ಪರಾಗ ಹೊರುವುದು ಬರಿಗಣ್ಣಿಗೆ ಚುಕ್ಕಿಯಂತೆ ಕಾಣುವ ಪುಟ್ಟ ನೊಣಗಳು. ಅವು ಬೆಳೆಯುವುದು ನೆಲದ ಕೊಳೆತ ಎಲೆ, ಕೊಳೆತ ಕೋಡಿನ ಸಿಪ್ಪೆಗಳಲ್ಲಿ. ತೋಟವನ್ನು ಗುಡಿಸಿ ಚೊಕ್ಕಟ ಮಾಡಿಬಿಟ್ಟರೆ ಈ ನೊಣಗಳಿಗೆ ಜಾಗವಿಲ್ಲ. ಪರಾಗ ಸಿಗದ ಹೂವು ಒಂದೆರಡು ದಿನದಲ್ಲಿ ಉದುರಿಹೋಗುತ್ತದೆ. ಒಂದು ಗಿಡದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಹೂ ಬಂದರೂ ಕಾಯಾಗುವುದು ಅದರಲ್ಲಿ ತೀರಾ ಸಣ್ಣ ಪಾಲು.

ಹೂ ಬರುವ ಜಾಗ ಒಂದು ಸಣ್ಣ ಗಂಟು. ತೊಗಟೆಯ ಮೇಲೆ ಉಬ್ಬಿಕೊಂಡಿರುತ್ತದೆ. ಕೈಯಾಡಿಸಿದರೆ ಬೆರಳಿಗೆ ತಾಗುತ್ತದೆ. ಯಾವತ್ತೋ ಅಲ್ಲಿ ಒಂದು ಎಲೆಯಿತ್ತು. ಆ ಎಲೆಯ ಕಂಕುಳೇ ಈ ಗಂಟು. ಅದೇ ಗಂಟಿನಲ್ಲಿ ಮತ್ತೆ ಮತ್ತೆ ಹೂ ಬರುತ್ತದೆ. ಅದಕ್ಕೇ ತಿಳಿದ ಕೃಷಿಕರು ಕೊಕ್ಕೋ ಕಾಯನ್ನು ಎಳೆದು ಕೀಳುವುದಿಲ್ಲ. ಕತ್ತಿಯಿಂದ ತೊಟ್ಟು ಕೊಯ್ಯುತ್ತಾರೆ. ತಿರುಚಿ ಎಳೆದರೆ ಕಾಯಿಯ ಜೊತೆ ಗಂಟೂ ಕಿತ್ತುಬರುತ್ತದೆ. ಆಮೇಲೆ ಆ ಜಾಗದಲ್ಲಿ ಹೂವೂ ಇಲ್ಲ, ಕಾಯಿಯೂ ಇಲ್ಲ. ಕಾಲಿಫ್ಲೋರಸ್ ಅನ್ನುವ ಪದದ ಅರ್ಥವನ್ನು ಇವರು ಕತ್ತಿ ಹಿಡಿಯುವ ರೀತಿಯಲ್ಲೇ ಹೇಳುತ್ತಾರೆ.

ಹಲಸಿನ ವಿಷಯ ಇನ್ನೂ ಸೊಗಸು. ಹಲಸಿನಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ, ಮರ ಒಂದೇ. ಗಂಡು ಗೊಂಚಲು ಎಳೆಯ ಕೊನೆಗಳಲ್ಲೂ ಬರುತ್ತದೆ. ಪರಾಗ ಉದುರಿಸಿ, ಕಪ್ಪಾಗಿ, ನೆಲಕ್ಕೆ ಬೀಳುತ್ತದೆ. ಅದನ್ನು ನೋಡಿ ‘ಈ ಸಲ ಗುಜ್ಜೆ (ಎಳೆಯ ಹಲಸು) ಎಲ್ಲ ಉದುರಿತು’ ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ಬೇಜಾರು ಬೇಡ, ಅದರ ಕೆಲಸ ಮುಗಿದಿದೆ ಅಷ್ಟೆ. ಹೆಣ್ಣು ಗೊಂಚಲು ಬರುವುದು ಬೊಡ್ಡೆ ಮತ್ತು ದಪ್ಪ ಕೊಂಬೆಗಳಲ್ಲಿ, ಗಟ್ಟಿ ತೊಟ್ಟಿನ ಮೇಲೆ. ನಾವು ಒಂದು ಹಣ್ಣು ಅನ್ನುವುದು ನಿಜವಾಗಿ ನೂರಾರು ಹೂಗಳು ಕೂಡಿ ಆದದ್ದು. ಒಂದೊಂದು ಸೊಳೆಯೂ ಒಂದೊಂದು ಹೂವಿನದ್ದು. ಹೂವಿನ ಹೊದಿಕೆಯೇ ಉಬ್ಬಿ ಸಿಹಿಯಾದ ಸೊಳೆ. ಸೊಳೆಗಳ ನಡುವೆ ಸಿಗುವ ನಾರುನಾರಾದ ಎಸಳುಗಳು ಪರಾಗ ಸಿಗದೆ ಉಳಿದ ಹೂಗಳು. ಮೇಲಿನ ಮುಳ್ಳುಗಳೂ ಆ ಹೂಗಳ ತುದಿಗಳೇ. ಗಟ್ಟಿ ಸೊಳೆಯ ಬಕ್ಕೆಯಾಗಲಿ ಮೆತ್ತನೆ ಸೊಳೆಯ ತುಳುವೆಯಾಗಲಿ, ಮುಂದಿನ ಸಲ ಕೈಗೆ ಎಣ್ಣೆ ಹಚ್ಚಿ ಹಲಸು ಬಿಡಿಸುವಾಗ ಮಕ್ಕಳಿಗೆ ಇದನ್ನು ತೋರಿಸಿ. ಮೇಣ ಅಂಟುವ ಮೊದಲು ಒಂದು ನಿಮಿಷ ಸಾಕು.

‘ಹಣ್ಣು ಭಾರ, ಅದಕ್ಕೆ ಬೊಡ್ಡೆಯಲ್ಲಿ ಬಿಡುತ್ತದೆ’ ಅಂತ ನಾವೆಲ್ಲ ಹೇಳುತ್ತೇವೆ. ನಲವತ್ತು ಕಿಲೋ ತೂಗುವ ಹಲಸಿನ ಹಣ್ಣು ಕೊನೆಯ ತುದಿಯಲ್ಲಿ ನಿಲ್ಲುವುದು ಹೌದಾ? ಇಲ್ಲ. ಆದರೆ ಬಿಂಬುಳಿ ನೋಡಿ. ಕಿರುಬೆರಳಿನಷ್ಟು ಕಾಯಿ. ಅದಕ್ಕೆಂಥ ಭಾರ? ಅದೂ ಬೊಡ್ಡೆಯನ್ನೇ ಹಿಡಿದುಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತದೆ. ಕಡುಗೆಂಪು ಹೂಗಳು ತೊಗಟೆಗೆ ಅಂಟಿಸಿಟ್ಟಂತೆ ಕಾಣುತ್ತವೆ. ಅತ್ತಿಯ ಕಾಯಿಯೂ ಹಗುರ. ಅತ್ತಿಯಲ್ಲಿ ಹೂ ಕಾಯಿಯೊಳಗೇ ಇರುತ್ತದೆ, ಪುಟ್ಟ ಕಣಜ ಒಳಗೆ ಹೊಕ್ಕು ಪರಾಗ ಮುಟ್ಟಿಸುತ್ತದೆ. ಹಾಗಾಗಿ ಭಾರ ಒಂದೇ ಕಾರಣವಾಗಲಾರದು. ದಟ್ಟ ಕಾಡಿನ ಒಳಗೆ, ನೆರಳಲ್ಲಿ, ತಗ್ಗಿನಲ್ಲಿ ಹಾರಾಡುವ ಹುಳುಗಳಿಗೆ, ಬಾವಲಿಗಳಿಗೆ ಬೊಡ್ಡೆಯ ಹೂವು ಸುಲಭವಾಗಿ ಸಿಗುತ್ತದೆ. ಹಣ್ಣು ತಿಂದು ಬೀಜ ಹರಡುವ ದೊಡ್ಡ ಪ್ರಾಣಿಗಳಿಗೂ ಅಷ್ಟೇ. ಘಟ್ಟದ ಬದಿಯ ಊರುಗಳಲ್ಲಿ ಹಲಸು ಹಣ್ಣಾದ ಕಾಲಕ್ಕೆ ಆನೆ ಬರುವುದು ಸುಮ್ನೆ ಅಲ್ಲ. ಕಾಲಿಫ್ಲೋರಸ್ ಮರಗಳಲ್ಲಿ ಹೆಚ್ಚಿನವು ಉಷ್ಣವಲಯದ ಮಳೆಕಾಡಿನವೇ ಆಗಿರುವುದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನ್ನ ನಂಬಿಕೆ.

ಒಂದೇ ಕುಲದೊಳಗೂ ಈ ಗುಣ ಒಂದೇ ಥರ ಇರುವುದಿಲ್ಲ. ಹಲಸು, ಜೀಗುಜ್ಜೆ, ಹೆಬ್ಬಲಸು ಮೂರೂ ಆರ್ಟೋಕಾರ್ಪಸ್ ಕುಲದವು. ಆರ್ಟೋಕಾರ್ಪಸ್ ಗ್ರೀಕ್ ಪದ, ‘ರೊಟ್ಟಿಯ ಹಣ್ಣು’ ಅಂತ. ಜೀಗುಜ್ಜೆ ಬಿಡುವುದು ಎಲೆಗಳ ನಡುವೆ, ಕೊನೆಯ ತುದಿಯಲ್ಲಿ. ಹೆಬ್ಬಲಸೂ ಹಾಗೆಯೇ, ಅದಕ್ಕೇ ಅದರ ಹಣ್ಣು ಬೇಕಾದರೆ ಮರದ ನೆತ್ತಿಗೆ ಹತ್ತಬೇಕು. ಬೊಡ್ಡೆಗೆ ಇಳಿದು ಬಂದದ್ದು ಹಲಸು ಮಾತ್ರ. ಬಿಂಬುಳಿಗೂ ಒಬ್ಬ ಸೋದರನಿದ್ದಾನೆ, ದಾರೆಹುಳಿ. ಇಬ್ಬರದೂ ಅವೆರ್ಹೋವಾ ಕುಲ, ಅರಬ್ ಪಂಡಿತ ಇಬ್ನ್ ರುಶ್ದ್ (ಲ್ಯಾಟಿನ್ನಿನವರ ಬಾಯಲ್ಲಿ ಅವೆರೋಸ್) ನೆನಪಿಗೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಇಟ್ಟ ಹೆಸರು. ದಾರೆಹುಳಿಯ ಹೂ ಹೆಚ್ಚಾಗಿ ಕೊಂಬೆಗಳಲ್ಲೇ ಉಳಿಯುತ್ತದೆ. ಹೀಗೆ ಕೊಂಬೆಯ ಮಟ್ಟಿಗೆ ಹೂ ಬಿಡುವುದಕ್ಕೆ ಬೇರೆ ಪದವೂ ಇದೆ. ‘ರಾಮುಸ್’ ಅಂದರೆ ಲ್ಯಾಟಿನ್ನಿನಲ್ಲಿ ಕೊಂಬೆ, ಹಾಗಾಗಿ ‘ರಾಮಿಫ್ಲೋರಸ್’.

ಇನ್ನು ಈ ಪದದ ಹಿಂದಿನ ಒಂದು ಕತೆ ಹೇಳಲೇಬೇಕು. ನನಗೆ ತುಂಬ ಮುಖ್ಯ ಅನ್ನಿಸಿದ ಕತೆ ಇದು.

ಯುರೋಪಿನ ಕಾಡಲ್ಲಿ ಬೊಡ್ಡೆಯ ಹೂ ಅಪರೂಪ. ಮೆಡಿಟರೇನಿಯನ್ ಕಡೆಯ ಸೆರ್ಸಿಸ್ ಎಂಬ ಮರ ಬಿಟ್ಟರೆ ಹೇಳಿಕೊಳ್ಳುವಂಥದ್ದಿಲ್ಲ. ಹಾಗಾಗಿ ಅಲ್ಲಿಂದ ಬಂದ ವಿದ್ವಾಂಸರಿಗೆ ಇದು ಕಂಡರೂ ಅರ್ಥವಾಗುತ್ತಿರಲಿಲ್ಲ. ಪೇರ್ ಓಸ್ಬೆಕ್ ಅಂತ ಒಬ್ಬರು. ಲಿನ್ನೇಯಸ್‌ನ ಶಿಷ್ಯ. ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಪಾದ್ರಿಯಾಗಿ ಚೀನಾಕ್ಕೆ ಹೋಗಿದ್ದರು. ವಾಪಸ್ ಬರುವಾಗ, 1752ರಲ್ಲಿ, ಜಾವಾ ದ್ವೀಪದಲ್ಲಿ ಇಳಿದರು. ಅಲ್ಲಿ ಒಂದು ಮರದ ಬೊಡ್ಡೆಯಲ್ಲಿ ಹೂಗಳು ಕಂಡವು. ಬೇವಿನ ಜಾತಿಯ ಹೂವನ್ನು ಹೋಲುತ್ತಿದ್ದವು. ಮರದ ತೊಗಟೆಯಿಂದ ಅದೇ ಮರದ ಹೂ ಬರಬಹುದು ಅಂತ ಅವರಿಗೆ ಹೊಳೆಯಲಿಲ್ಲ. ಇದು ಮರದ ಮೇಲೆ ಬೆಳೆದ, ಎಲೆಯೇ ಇಲ್ಲದ ಒಂದು ಪುಟ್ಟ ಬಂದಳಿಕೆ ಅಂದುಕೊಂಡರು. 1757ರಲ್ಲಿ ಬಂದ ತಮ್ಮ ಪ್ರವಾಸದ ಪುಸ್ತಕದಲ್ಲಿ ‘ಮೇಲಿಯಾ ಪ್ಯಾರಾಸಿಟಿಕಾ’ ಅಂತ ಹೆಸರಿಟ್ಟರು. ಪರಾವಲಂಬಿ ಮೇಲಿಯಾ ಅಂತ. ಮೇಲಿಯಾ ಬೇವಿನ ಬಳಗದ ಒಂದು ಕುಲ.

ಅದು ಬಂದಳಿಕೆ ಆಗಿರಲಿಲ್ಲ. ದೊಡ್ಡ ಮರದ ಸ್ವಂತ ಹೂವು. ಆಮೇಲೆ ಬಂದ ಸಸ್ಯಶಾಸ್ತ್ರಜ್ಞರು ಆ ಮರವನ್ನು ಮೇಲಿಯಾ ಕುಲದಿಂದ ತೆಗೆದು ಬೇರೆ ಕುಲಕ್ಕೆ ಸೇರಿಸಿದರು. ಆದರೆ ‘ಪರಾವಲಂಬಿ’ ಅನ್ನುವ ಗುಣಪದವನ್ನು ತೆಗೆಯಲು ಆಗಲಿಲ್ಲ. ಸಸ್ಯಗಳ ಹೆಸರಿನ ನಿಯಮ ಹಾಗಿದೆ. ಸರಿಯಾದ ಕ್ರಮದಲ್ಲಿ ಮೊದಲು ಪ್ರಕಟವಾದ ಪದಕ್ಕೆ ಹಕ್ಕು, ಅರ್ಥ ತಪ್ಪಾಗಿದ್ದರೂ. ಯಾರ ಹಂಗೂ ಇಲ್ಲದೆ ಬದುಕುವ ಆ ಮರ ಇವತ್ತಿಗೂ ಪುಸ್ತಕದಲ್ಲಿ ಪರಾವಲಂಬಿಯೇ.

ನಾನು ಓಸ್ಬೆಕ್ ಅವರನ್ನು ಹಗುರ ಮಾಡಲು ಇದನ್ನು ಹೇಳುತ್ತಿಲ್ಲ. ಕಷ್ಟಪಟ್ಟು ಸಮುದ್ರ ದಾಟಿ ಗಿಡ ನೋಡಿದವರು ಅವರು. ಆದರೆ ಹಲಸಿನ ಮರದ ಕೆಳಗೆ ಆಡಿದ ಯಾವ ಮಗುವೂ ಆ ಬೊಡ್ಡೆಯ ಹೂವನ್ನು ನೋಡಿ ಬೆಚ್ಚುತ್ತಿರಲಿಲ್ಲ. ಗಿಡಗಳ ತಿಳಿವಳಿಕೆಯಲ್ಲಿ ನಮ್ಮ ಕಡೆಯವರ ಪಾಲು ದೊಡ್ಡದು. ಅದನ್ನು ಎಲ್ಲರಿಗಿಂತ ಮೊದಲು ಅಚ್ಚಿನಲ್ಲಿ ಒಪ್ಪಿಕೊಂಡವರಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಒಬ್ಬರು. ಮಲಬಾರಿನ ಗಿಡಗಳ ಬಗ್ಗೆ ಅವರ ‘ಹೋರ್ಟುಸ್ ಮಲಬಾರಿಕುಸ್’ ಪುಸ್ತಕ 1678ರಿಂದ 1693ರ ತನಕ ಹನ್ನೆರಡು ಸಂಪುಟಗಳಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬಂತು. ಅದರ ಮೊದಲ ಸಂಪುಟದಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಅವರ ಮಾತಿದೆ. ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರ ಒಪ್ಪಿಗೆಯ ಮಾತು ನಾಗರಿ ಅಕ್ಷರದಲ್ಲಿ, ಕೊಂಕಣಿಯಲ್ಲೇ ಅಚ್ಚಾಗಿದೆ. ಈ ಸಭೆಯಲ್ಲಿ ಕೊಂಕಣಿ ಮನೆಮಾತಿನವರು ಜಾಸ್ತಿ ಇದ್ದೀರಿ, ಅದಕ್ಕೇ ಇದನ್ನು ಒತ್ತಿ ಹೇಳಿದೆ. ನಮ್ಮ ಹಲಸೂ ಆ ಪುಸ್ತಕದಲ್ಲಿದೆ, ಮಲಯಾಳದ ‘ಚಕ್ಕ’ ಹೆಸರಿನಲ್ಲೇ. ಆ ಚಕ್ಕವೇ ಪೋರ್ಚುಗೀಸರ ಬಾಯಲ್ಲಿ ‘ಜಾಕ’ ಆಗಿ, ಇಂಗ್ಲಿಷಿನಲ್ಲಿ ‘ಜಾಕ್’ ಆಯಿತು.

ಚಕ್ಕದ ಮಾತು ಬಂದಾಗ ಇನ್ನೊಂದು ಮಲಯಾಳಿ ಹೆಸರು ನೆನಪಾಗುತ್ತದೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಬೆಳೆಯುವ ಒಂದು ಮರ, ಬ್ಯಾಕೌರಿಯಾ ಕೋರ್ಟಲೆನ್ಸಿಸ್. ಕೋರ್ಟಲೆನ್ಸಿಸ್ ಅಂದರೆ ತಮಿಳುನಾಡಿನ ಕುಟ್ರಾಲಂ ಊರಿನದ್ದು. ಹೂ ಬಿಟ್ಟಾಗ ಬುಡದಿಂದ ಆಳೆತ್ತರದ ತನಕ ಬೊಡ್ಡೆಯೇ ಕಾಣದಷ್ಟು ಕೆಂಪು. ಆಮೇಲೆ ಕೆಂಪು ಹಣ್ಣು. ಮಲಯಾಳದಲ್ಲಿ ಇದಕ್ಕೆ ‘ಮೂಟ್ಟಿಲ್ ಪಳಂ’ ಅನ್ನುತ್ತಾರೆ, ಬುಡದ ಹಣ್ಣು ಅಂತ. ಲ್ಯಾಟಿನ್ನಿನವರು ಊರಿನ ಹೆಸರಿಟ್ಟರು, ಕಾಡಿನ ಜನ ಮರದ ಗುಣವನ್ನೇ ಹೆಸರು ಮಾಡಿದರು. ನನ್ನ ಮಟ್ಟಿಗೆ ಜನರ ಹೆಸರೇ ಮೇಲು.

ಹಾಗಾದರೆ ಲ್ಯಾಟಿನ್ ಯಾಕೆ ಬೇಕು ಅಂತ ಕೇಳಬಹುದು. ‘ಬುಡದ ಹಣ್ಣು’ ಕಾಸರಗೋಡು ದಾಟಿದರೆ ಅರ್ಥವಾಗುವುದಿಲ್ಲ. ಕಾಲಿಫ್ಲೋರಸ್ ಅಂದರೆ ಬ್ರೆಜಿಲ್‌ನವರಿಗೂ ಅರ್ಥವಾಗುತ್ತದೆ. ಈಗ ನಮ್ಮ ನರ್ಸರಿಗಳಲ್ಲಿ ಜಬೋಟಿಕಾಬಾ ಗಿಡ ಸಿಗುತ್ತದೆ ಅಲ್ವಾ? ಬೊಡ್ಡೆಯ ತುಂಬ ಕಪ್ಪು ದ್ರಾಕ್ಷಿಯಂಥ ಹಣ್ಣು ಬಿಡುವುದು. ಅದು ಬ್ರೆಜಿಲ್‌ನದ್ದು, ಹೆಸರು ಪ್ಲೀನಿಯಾ ಕೌಲಿಫ್ಲೋರಾ. ಹಣ್ಣು ಬರುವ ತನಕ ವರ್ಷಗಟ್ಟಲೆ ಕಾಯಬೇಕು. ಆದರೆ ಗಿಡದ ಹೆಸರಿನ ಚೀಟಿ ಓದಲು ಬಲ್ಲವರಿಗೆ ಹಣ್ಣು ಎಲ್ಲಿ ಬರುತ್ತದೆ ಅನ್ನುವುದು ಗಿಡ ಕೊಳ್ಳುವ ದಿನವೇ ಗೊತ್ತು. ಗೊತ್ತಿಲ್ಲದವರು ಬೊಡ್ಡೆಗೆ ಬಿಸಿಲು ಗಾಳಿ ಆಡದ ಹಾಗೆ ಬೆಳೆಸುತ್ತಾರೆ, ಇಲ್ಲವೇ ಕಾಂಡಕ್ಕೇ ತಂತಿ ಬಿಗಿಯುತ್ತಾರೆ.

ಹೊಸ ಗಿಡದ ವಿವರಣೆಯನ್ನು ಲ್ಯಾಟಿನ್ನಿನಲ್ಲೇ ಬರೆಯಬೇಕೆಂಬ ಕಟ್ಟುಪಾಡು 1935ರಿಂದ ಇತ್ತು. 2012ರ ಜನವರಿ 1ರಿಂದ ಇಂಗ್ಲಿಷೂ ಸಾಕು ಎಂದಾಯಿತು. ಹೆಸರು ಮಾತ್ರ ಈಗಲೂ ಲ್ಯಾಟಿನ್ ರೂಪದಲ್ಲೇ ಇರಬೇಕು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ. ಎರಡೂ ಒಳ್ಳೆಯ ಪ್ರಶ್ನೆಗಳು.

ವಿದ್ಯಾರ್ಥಿನಿಯೊಬ್ಬಳು, “ಸರ್, ಪಪ್ಪಾಯಿಯೂ ಕಾಂಡಕ್ಕೆ ಅಂಟಿಕೊಂಡೇ ಬಿಡುತ್ತದಲ್ಲ, ಅದೂ ಕಾಲಿಫ್ಲೋರಸ್ಸಾ?” ಅಂತ ಕೇಳಿದಳು. ಕೆಲವರು ಹಾಗೆ ಕರೆಯುತ್ತಾರೆ. ಆದರೆ ಪಪ್ಪಾಯಿಯ ನೆತ್ತಿಯನ್ನು ನೋಡಬೇಕಮ್ಮ. ಹೂ ಬರುವಾಗ ಅಲ್ಲಿ ಎಲೆ ಇನ್ನೂ ಇರುತ್ತದೆ, ಆ ಎಲೆಯ ಕಂಕುಳಲ್ಲೇ ಹೂ. ಕಾಯಿ ದೊಡ್ಡದಾಗುವ ಹೊತ್ತಿಗೆ ಎಲೆ ಉದುರಿ, ಕಾಯಿ ಬರೀ ಕಾಂಡದಲ್ಲಿ ಕೂತಂತೆ ಕಾಣುತ್ತದೆ. ಪದವನ್ನು ಬಿಗಿಯಾಗಿ ಬಳಸುವುದಾದರೆ ಎಲೆ ಹೋಗಿ ಬಹಳ ಕಾಲವಾದ, ಹಳೆಯ ಕಾಂಡದಲ್ಲಿ ಹೂ ಬರಬೇಕು. ನಾನು ಪಪ್ಪಾಯಿಯನ್ನು ಹೊರಗಿಡುತ್ತೇನೆ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಲ್ಲಿದ್ದ ಹಿರಿಯ ಕೃಷಿಕರದ್ದು. “ಅಡಿಕೆಯದ್ದು ಹೇಗೆ ಮಾರಾಯ್ರೆ? ಸಿಂಗಾರ ಬರುವುದು ಹಾಳೆ ಬಿದ್ದ ಮೇಲಲ್ವಾ? ಎಲೆ ಇಲ್ಲ, ಬರೀ ಮರದಲ್ಲೇ ಹೂವು. ನಿಮ್ಮ ಲೆಕ್ಕದಲ್ಲಿ ಅದು ಸೇರಬೇಕಲ್ಲ?” ಅಂದರು. ಈ ಸೂಕ್ಷ್ಮ ಅಡಿಕೆ ತೋಟದಲ್ಲಿ ಬೆಳೆದವರಿಗೇ ಹೊಳೆಯುವಂಥದ್ದು. ಹಾಳೆ ಕಳಚಿದ ಜಾಗದಲ್ಲೇ ಸಿಂಗಾರ ಹೊರಗೆ ಬರುತ್ತದೆ ಅನ್ನುವುದು ಸರಿ. ಆದರೆ ಹಾಳೆ ಬೀಳುವ ಮೊದಲೇ ಅದು ಒಳಗೆ ಬೆಳೆದು ತಯಾರಾಗಿರುತ್ತದೆ, ಹಾಳೆ ಅದನ್ನು ಮುಚ್ಚಿಕೊಂಡಿರುತ್ತದೆ ಅಷ್ಟೆ. ಹಾಳೆ ಬಿದ್ದು ತುಸು ಹೊತ್ತಿಗೆಲ್ಲ ಸಿಂಗಾರದ ಪೊರೆ ಬಿಚ್ಚುತ್ತದೆ. ನಡುವೆ ವರ್ಷಗಳ ನಿದ್ದೆ ಇಲ್ಲ. ಹಾಳೆ ಬಿದ್ದ ಆ ಗಂಟಿನಲ್ಲಿ ಮರುವರ್ಷ ಇನ್ನೊಂದು ಸಿಂಗಾರವೂ ಬರುವುದಿಲ್ಲ, ಕೊಕ್ಕೋದಲ್ಲಾದರೆ ಅದೇ ಗಂಟಿನಲ್ಲಿ ಮತ್ತೆ ಹೂ ಬರುತ್ತದೆ. ತಾಳೆ ಜಾತಿಯ ಮರಗಳಲ್ಲಿ ಹೀಗೆ ಎಲೆಗಳ ಕೆಳಗೆ ಹೂ ಬರುವುದಕ್ಕೆ ಬೇರೆಯೇ ಗುಣಪದವಿದೆ, ಇನ್ಫ್ರಾಫೋಲಿಯರ್. ‘ಇನ್ಫ್ರಾ’ ಅಂದರೆ ಕೆಳಗೆ, ‘ಫೋಲಿಯುಮ್’ ಅಂದರೆ ಎಲೆ. ತೆಂಗಿನಲ್ಲಿ ಹೊಂಬಾಳೆ ಎಲೆಗಳ ನಡುವೆಯೇ ಬಿಚ್ಚುತ್ತದೆ, ಹಾಗಾಗಿ ಅದು ಇಂಟರ್‌ಫೋಲಿಯರ್.

“ಹಾಗಾದರೆ ಒಂದೇ ತೋಟದಲ್ಲಿ ಮೂರು ಥರ ಆಯಿತು” ಅಂದರು ಅವರು. ಹೌದು. ಅಡಿಕೆ ಒಂದು ಥರ, ತೆಂಗು ಒಂದು ಥರ, ಅವುಗಳ ನಡುವಿನ ಕೊಕ್ಕೋ ಇನ್ನೊಂದು ಥರ.